ಹೊಲಿಗೆ ಅಂಗಡಿಗೆ, ಉಳಿದದ್ದು ಮನೆಗೆ

ಕಾರಿನ ಸೀಟು ಹರಿದಾಗ ನಮ್ಮಲ್ಲಿ ಎರಡೇ ದಾರಿ ರೂಢಿಯಲ್ಲಿವೆ. ಒಂದು, ಹರಿದದ್ದರ ಮೇಲೆಯೇ ಹೊಸ ಕವರ್ ಎಳೆದು ಹಾಕುವುದು. ಇನ್ನೊಂದು, ಬೆಳಿಗ್ಗೆ ಕುಶನ್ ಅಂಗಡಿಯ ಮುಂದೆ ಕಾರು ಬಿಟ್ಟು, ಸಂಜೆ ಹೊಳೆಯುವ ಸೀಟುಗಳೊಡನೆ ಮನೆಗೆ ತರುವುದು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಪೇಟೆಯ ಗಲ್ಲಿಯವರೆಗೆ ಈ ವ್ಯಾಪಾರ ನಡೆಯುವುದು ಹೀಗೆಯೇ. ಸೀಟನ್ನು ಕಳಚಿ, ಹಳೆಯ ಹೊದಿಕೆ ಬಿಚ್ಚಿ, ಒಳಗಿನದನ್ನು ಸರಿಪಡಿಸಿ, ನಿಜವಾದ ಚರ್ಮದ ಹೊದಿಕೆಯನ್ನು ಮನೆಯಲ್ಲೇ ತೊಡಿಸುವ ಮೂರನೆಯ ದಾರಿಯೂ ಇದೆ. ಅದನ್ನು ಕೆಲಸವಿಲ್ಲದವರ ಖಯಾಲಿ ಎಂದು ತಳ್ಳಿಹಾಕುವವರು ಒಂದು ಕಡೆ. ಎಲ್ಲವನ್ನೂ ನಾನೇ ಮಾಡುತ್ತೇನೆಂದು ಮನೆಯ ಹೊಲಿಗೆ ಯಂತ್ರದ ಮುಂದೆ ಕೂತು ದುಬಾರಿ ಚರ್ಮ ಹಾಳುಮಾಡುವವರು ಇನ್ನೊಂದು ಕಡೆ. ಇಬ್ಬರೂ ಕೆಲಸವನ್ನು ತಪ್ಪು ಜಾಗದಲ್ಲಿ ಹಂಚಿಕೊಂಡಿದ್ದಾರೆ ಎಂಬುದು ಈ ಲೇಖನದ ವಾದ. ಸೀಟಿನ ಕೆಲಸದಲ್ಲಿ ಹೆಚ್ಚಿನ ಪಾಲಿಗೆ ಬೇಕಾಗುವುದು ಕೌಶಲಕ್ಕಿಂತ ಸಮಯ. ಅದು ಇರುವುದು ಮಾಲೀಕನ ಬಳಿ. ಒಂದೇ ಒಂದು ಪಾಲಿಗೆ, ಅಂದರೆ ಹೊಲಿಗೆಗೆ, ವರ್ಷಗಟ್ಟಲೆ ಪಳಗಿದ ಕೈಯೂ ತಕ್ಕ ಯಂತ್ರವೂ ಬೇಕು. ಅವು ಇರುವುದು ಅಂಗಡಿಯಲ್ಲಿ. ಹೊಲಿಗೆಯನ್ನು ಅಲ್ಲಿಗೆ ಬಿಟ್ಟು ಉಳಿದದ್ದನ್ನು ಮನೆಯಲ್ಲಿ ಮಾಡಿಕೊಂಡರೆ ಸಿಗುವ ಸೀಟು, ಪೂರ್ತಿ ಅಂಗಡಿಯ ಸೀಟಿಗಿಂತಲೂ ಪೂರ್ತಿ ಮನೆಯ ಸೀಟಿಗಿಂತಲೂ ಮೇಲು.

ಸೀಟು ಎಲ್ಲಿ, ಏಕೆ ಸವೆಯುತ್ತದೆ ಎಂಬುದನ್ನು ನೋಡಿದರೆ ಇದು ಅರ್ಥವಾಗುತ್ತದೆ. ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ಕಾರುಗಳಲ್ಲಿ ಮೊದಲು ಕೆಡುವುದು ಚಾಲಕನ ಸೀಟಿನ ಬಲ ಅಂಚಿನ ಉಬ್ಬು. ಇಳಿಯುವಾಗಲೂ ಹತ್ತುವಾಗಲೂ ಮೈಭಾರವೆಲ್ಲ ಒಂದು ಕ್ಷಣ ಅದರ ಮೇಲೆಯೇ ಬಿದ್ದು, ತೊಡೆ ಅದನ್ನು ಉಜ್ಜಿಕೊಂಡೇ ಜಾರುತ್ತದೆ. ಜೀನ್ಸ್ ಪ್ಯಾಂಟಿನ ಲೋಹದ ಗುಂಡಿ ಅಲ್ಲೇ ಗೀರುತ್ತದೆ. ಮೊದಲು ಒಳಗಿನ ಫೋಮ್ ಕುಸಿಯುತ್ತದೆ, ಆಮೇಲೆ ಸಡಿಲವಾದ ಬಟ್ಟೆ ಮಡಿಚಿಕೊಳ್ಳುತ್ತದೆ, ಮಡಿಕೆಯ ಗೆರೆಯಲ್ಲಿ ಕೊನೆಗೆ ಹರಿಯುತ್ತದೆ. ಕಣ್ಣಿಗೆ ಬೀಳುವ ಹರಕು ರೋಗದ ಕೊನೆಯ ಹಂತ. ಸೀಟಿನ ಕೆಳಗಿನ ಕಾರ್ಪೆಟ್ ಮೇಲೆ ಹಳದಿ ಪುಡಿ ಉದುರಿದ್ದರೆ ಒಳಗಿನ ಪಾಲಿಯುರೆಥೇನ್ ಫೋಮ್ ಮುದಿಯಾಗಿ, ಹಾವಿನಂತೆ ಬಳುಕಿದ ಸ್ಪ್ರಿಂಗ್ ತಂತಿಗಳಿಗೆ ಉಜ್ಜಿ ಸವೆಯುತ್ತಿದೆ ಎಂದರ್ಥ. ಇಂಥ ಸೀಟಿನ ಮೇಲೆ ಎಷ್ಟು ಬೆಲೆಬಾಳುವ ಚರ್ಮ ಹಾಕಿದರೂ ಅದು ಅದೇ ಜಾಗದಲ್ಲಿ ಅದೇ ರೀತಿ ಮಡಿಚಿ ಬಿರುಕು ಬಿಡುತ್ತದೆ. ಮೇಲೆ ಎಳೆದು ಹಾಕುವ ಕವರ್‌ಗಳ ತೊಂದರೆಯೂ ಇದೇ. ಅಂಗಡಿಯವರು ಬಕೆಟ್ ಫಿಟ್ ಎಂದು ಕರೆಯುವ ಬಿಗಿ ಕವರ್ ಕೂಡ ಕುಸಿತವನ್ನು ಮುಚ್ಚುತ್ತದೆ, ಸರಿಪಡಿಸುವುದಿಲ್ಲ. ಬೆನ್ನುನೋವು ಮಾತ್ರ ಹೊಸ ಬಣ್ಣದ ಕೆಳಗೆ ಹಾಗೆಯೇ ಮುಂದುವರಿಯುತ್ತದೆ.

ಹಾಗಾದರೆ ಅಂಗಡಿಯವರೇ ಒಳಗಿನದನ್ನೂ ಸರಿಪಡಿಸಬಹುದಲ್ಲ? ಮಾಡಬಲ್ಲರು, ಮಾಡುವವರೂ ಇದ್ದಾರೆ. ಆದರೆ ಒಂದು ದಿನದಲ್ಲಿ ಒಂದು ಕಾರು ಮುಗಿಸಿ ಮರುದಿನ ಮತ್ತೊಂದನ್ನು ಹಿಡಿಯಬೇಕಾದ ವ್ಯಾಪಾರದಲ್ಲಿ, ಗಿರಾಕಿಯ ಕಣ್ಣಿಗೆ ಬೀಳದ ಕೆಲಸಕ್ಕೆ ಗಂಟೆಗಳನ್ನು ಸುರಿಯುವುದು ಕಷ್ಟ. ಸ್ಪ್ರಿಂಗ್ ಚೌಕಟ್ಟಿನ ತುಕ್ಕನ್ನು ಉಜ್ಜಿ ತೆಗೆದು ಪ್ರೈಮರ್ ಬಳಿಯುವುದು, ಅದು ಒಣಗುವವರೆಗೆ ಕಾಯುವುದು, ಕಳಚಿಕೊಂಡ ಸ್ಪ್ರಿಂಗ್ ಕೊಂಡಿಗಳನ್ನು ಮತ್ತೆ ಸಿಕ್ಕಿಸುವುದು, ಸ್ಪ್ರಿಂಗ್ ಮತ್ತು ಫೋಮ್ ನಡುವೆ ದಪ್ಪ ಬಟ್ಟೆಯ ಹೊಸ ಪದರ ಹಾಸುವುದು, ಕುಸಿದ ಅಂಚನ್ನು ನೇರವಾಗಿ ಕತ್ತರಿಸಿ ಅಲ್ಲಿಗೆ ಗಟ್ಟಿ ಫೋಮಿನ ತುಂಡನ್ನು ಅಂಟಿಸಿ ಮೂಲ ಆಕಾರ ಬರುವಂತೆ ಕೊರೆಯುವುದು, ಇವೆಲ್ಲ ತಾಳ್ಮೆಯ ಕೆಲಸಗಳು. ಇಲ್ಲಿ ಒಂದು ವಸ್ತುಜ್ಞಾನ ಬೇಕು: ಹಾಸಿಗೆ, ದಿಂಬಿಗೆ ಬಳಸುವ ಹಗುರ ಫೋಮ್ ಸೀಟಿನಲ್ಲಿ ಕೆಲವೇ ತಿಂಗಳಲ್ಲಿ ಚಪ್ಪಟೆಯಾಗುತ್ತದೆ, ಕನಿಷ್ಠ 40 ಡೆನ್ಸಿಟಿಯದ್ದು, ಅಂದರೆ ಘನಮೀಟರಿಗೆ 40 ಕಿಲೋ ತೂಗುವಂಥದ್ದು, ಬೇಕು. ಅಂಚಿನ ಉಬ್ಬಿಗೆ ಇನ್ನೂ ಗಟ್ಟಿಯಾದದ್ದು ಲೇಸು. ಇದನ್ನು ತಿಳಿದುಕೊಂಡವನಿಗೆ ಉಳಿದದ್ದಕ್ಕೆ ಬೇಕಾಗುವುದು ಚೂಪು ಚಾಕು, ಅಂಟು, ಗಾಳಿಯಾಡುವ ಜಾಗ ಮತ್ತು ಎರಡು ಭಾನುವಾರ. ದಿನಗೂಲಿಯ ಲೆಕ್ಕ ಹಾಕದೆ ಎರಡು ಭಾನುವಾರ ಕೊಡಬಲ್ಲವನು ಮಾಲೀಕನೊಬ್ಬನೇ.

ಹೊದಿಕೆ ಬಿಚ್ಚುವುದೂ ಹೀಗೆಯೇ ಕಾಣುವಷ್ಟು ಕಷ್ಟವಲ್ಲ. ಸೀಟು ನೆಲಕ್ಕೆ ಅಂಟಿರುವುದು ಸಾಮಾನ್ಯವಾಗಿ ನಾಲ್ಕು ಬೋಲ್ಟುಗಳಿಂದ. ಹೊದಿಕೆಯ ಅಂಚು ಪ್ಲಾಸ್ಟಿಕ್ ಕೊಕ್ಕೆಪಟ್ಟಿಯಿಂದ ಚೌಕಟ್ಟನ್ನು ಹಿಡಿದಿರುತ್ತದೆ. ಸೀಟಿನ ಮೇಲೆ ಕಾಣುವ ತಗ್ಗುಗೆರೆಗಳಲ್ಲಿ ಒಂದು ಸಣ್ಣ ತಂತಿ ಅಡಗಿದ್ದು, ಅದನ್ನು ಫೋಮಿನೊಳಗೆ ಹುದುಗಿದ ಇನ್ನೊಂದು ತಂತಿಗೆ ಉಕ್ಕಿನ ಪುಟ್ಟ ರಿಂಗುಗಳು ಬಿಗಿದಿರುತ್ತವೆ. ಸೀಟಿನ ಮೈಕಟ್ಟು ನಿಂತಿರುವುದೇ ಈ ರಿಂಗುಗಳ ಮೇಲೆ. ಅವನ್ನು ಇಕ್ಕಳದಿಂದ ಕತ್ತರಿಸಿದರೆ ಹೊದಿಕೆ ಕಾಲುಚೀಲದ ಹಾಗೆ ಹೊರಬರುತ್ತದೆ. ಹೀಗೆ ಬಂದ ಹಳೆಯ ಹೊದಿಕೆಯೇ ಹೊಸದರ ನಕ್ಷೆ. ಆದರೆ ಅದರ ಹೊಲಿಗೆ ಬಿಚ್ಚುವ ಮೊದಲು ಮಾಡಬೇಕಾದ ಕೆಲಸದಲ್ಲೇ ಇಡೀ ಯೋಜನೆಯ ಅಳಿವು ಉಳಿವು ಇದೆ: ಪ್ರತಿ ತುಂಡಿಗೂ ಸಂಖ್ಯೆ, ಮೇಲೆ ಕೆಳಗೆ ತೋರಿಸುವ ಬಾಣ, ಹೊಲಿಗೆ ಕೂಡುವ ಕಡೆ ಎರಡೂ ತುಂಡುಗಳಿಗೆ ಅಡ್ಡವಾಗಿ ಎಳೆದ ಗುರುತುಗೆರೆ. ಆಮೇಲೆ ಹೊಲಿಗೆ ಬಿಚ್ಚಿ, ವರ್ಷಗಟ್ಟಲೆ ಕೂತು ಹಿಗ್ಗಿದ ತುಂಡುಗಳನ್ನು ಎದುರುಭಾಗದ ಸವೆಯದ ತುಂಡಿಗೆ ಹೋಲಿಸಿ ತಿದ್ದಿ, ರಟ್ಟಿನ ಮೇಲೆ ಇಳಿಸಿಕೊಳ್ಳಬೇಕು. ನೇರವಾಗಿ ಚರ್ಮಕ್ಕೆ ಕತ್ತರಿ ಹಾಕದೆ ಅಗ್ಗದ ಬಟ್ಟೆಯಲ್ಲಿ ಒಮ್ಮೆ ಕತ್ತರಿಸಿ ದೊಡ್ಡ ಟಾಕು ಹಾಕಿ ತೊಡಿಸಿ ನೋಡಿದರೆ ತಪ್ಪೆಲ್ಲ ಬಟ್ಟೆಯಲ್ಲೇ ಕಳೆಯುತ್ತದೆ. ಒಂದೊಂದು ಮಾದರಿಯ ಕಾರಿಗೂ ಸಿದ್ಧ ಅಳತೆ ಇಟ್ಟುಕೊಂಡ ಅಂಗಡಿಯವರು ಒಂದೇ ಸೀಟಿನ ಇಂಥ ಉಪಚಾರಕ್ಕೆ ಇಳಿಯುವುದು ಅಪರೂಪ.

ಇನ್ನು ಚರ್ಮವೇ ಏಕೆ ಎಂಬ ಪ್ರಶ್ನೆ. ರೆಗ್ಜಿನ್ ಅಗ್ಗ, ಒರೆಸುವುದು ಸುಲಭ, ಬಣ್ಣ ಒಂದೇ ಸಮ. ಆದರೆ ಅದರ ಪಿವಿಸಿ ಪದರದ ಮೆದುತನ ಅದರಲ್ಲಿ ಬೆರೆಸಿದ ಎಣ್ಣೆಯಂಥ ರಾಸಾಯನಿಕದಿಂದ ಬಂದದ್ದು. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ನಿಂತ ಕಾರಿನೊಳಗೆ ಅದು ನಿಧಾನವಾಗಿ ಹೊರಬಿದ್ದು ಹಾಳೆ ಗಟ್ಟಿಯಾಗಿ ಬಿರಿಯುತ್ತದೆ. ಪಿಯು ಎಂಬ ಇನ್ನೊಂದು ಬಗೆಗೆ ತೇವ ಶತ್ರು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅದರ ಮೇಲ್ಪದರ ಪೊರೆಯೆದ್ದು ಉದುರುತ್ತದೆ. ಪೇಟೆಯಲ್ಲಿ ನಪ್ಪಾ ಎಂಬ ಚರ್ಮದ ಹೆಸರು ಹೊತ್ತು ಬರುವ ಅನೇಕ ಕವರ್‌ಗಳು ಇದೇ ಜಾತಿಯವು. ಕತ್ತರಿಸಿದ ಅಂಚನ್ನು ನೋಡಿದರೆ ಗುಟ್ಟು ಬಯಲಾಗುತ್ತದೆ: ಚರ್ಮದ ಅಂಚಿನಲ್ಲಿ ಎಳೆಎಳೆಯಾದ ನಾರು ಕಾಣುತ್ತದೆ, ಕೃತಕ ಹಾಳೆಯಲ್ಲಿ ನೇಯ್ದ ಬಟ್ಟೆಗೆ ಮೆತ್ತಿದ ಪ್ಲಾಸ್ಟಿಕ್ ಪದರ ಕಾಣುತ್ತದೆ. ಚರ್ಮಕ್ಕೂ ದೋಷಗಳಿವೆ. ಮುಚ್ಚಿಟ್ಟ ಕಾರಿನಲ್ಲಿ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ, ಬಿಸಿಲಿಗೆ ಒಣಗುತ್ತದೆ, ವರ್ಷಕ್ಕೆ ಕೆಲವು ಸಲವಾದರೂ ಒರೆಸಿ ಆರೈಕೆ ಮಾಡಬೇಕು. ಆದರೆ ಆರೈಕೆಗೆ ಅದು ಸ್ಪಂದಿಸುತ್ತದೆ. ಗೀರಿಗೆ ಬಣ್ಣ ಹಚ್ಚಬಹುದು, ಒಂದು ತುಂಡು ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಕೃತಕ ಹಾಳೆ ಒಮ್ಮೆ ಪೊರೆಬಿಡಲು ಶುರುವಾದರೆ ಎಸೆಯುವುದೊಂದೇ ದಾರಿ. ದುರಸ್ತಿಯ ಮನಸ್ಸಿನಿಂದ ಹೊರಟವನು ದುರಸ್ತಿಗೆ ಒಗ್ಗುವ ವಸ್ತುವನ್ನೇ ಆರಿಸಬೇಕು.

ಚರ್ಮವನ್ನು ಆರಿಸುವುದರಲ್ಲೂ ಕತ್ತರಿಸುವುದರಲ್ಲೂ ಎಚ್ಚರ ಬೇಕು. ಸೀಟಿಗೆ ಬೇಕಾದದ್ದು ಸುಮಾರು 1ರಿಂದ 1.4 ಮಿಲಿಮೀಟರ್ ದಪ್ಪದ, ಮೇಲೆ ಬಣ್ಣದ ರಕ್ಷಾಪದರವಿರುವ ಚರ್ಮ. ಜಾಕೆಟ್ಟಿನ ತೆಳು ಚರ್ಮ ಹಿಗ್ಗಿ ಹರಿಯುತ್ತದೆ, ಚಪ್ಪಲಿಯ ಚರ್ಮ ಬಾಗುವುದಿಲ್ಲ. ಥಾನಿನಿಂದ ಬಿಚ್ಚಿದ ಬಟ್ಟೆಯಂತೆ ಚರ್ಮ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಕೂರುವ ಜಾಗದ ತುಂಡು, ಬಲ ಅಂಚಿನ ತುಂಡು ಬೆನ್ನಿನಿಂದಲೇ ಬರಬೇಕು. ಉಣ್ಣೆ ಕಚ್ಚಿದ ಕಲೆ, ಮುಳ್ಳು ಗೀರಿದ ಗುರುತು, ಕಾಸಿ ಹಾಕಿದ ಬರೆ ಇವನ್ನೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿ ಬಿಟ್ಟು ಕತ್ತರಿಸುವಾಗ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಪೋಲಾಗುವುದು ಸಹಜ. ಚದರಡಿ ಲೆಕ್ಕದಲ್ಲಿ ಕೊಳ್ಳುವಾಗ ಈ ಪೋಲನ್ನೂ ಸೇರಿಸಿಯೇ ಕೊಳ್ಳಬೇಕು. ಇಡೀ ಕಾರಿಗೆ ಚರ್ಮ ಹೊದಿಸುವ ಆಸೆಗೆ ಇಲ್ಲಿಯೇ ಕಡಿವಾಣ ಬೀಳುತ್ತದೆ. ಕಾರು ತಯಾರಕರು ಲೆದರ್ ಸೀಟ್ ಎಂದು ಮಾರುವಾಗಲೂ ಮೈತಾಗುವ ಭಾಗಕ್ಕಷ್ಟೇ ಚರ್ಮ ಹಾಕಿ ಬದಿ, ಹಿಂಬದಿಗೆ ಅದೇ ಬಣ್ಣದ ಕೃತಕ ಹಾಳೆ ಹಾಕುವುದು ಉದ್ಯಮದ ವಾಡಿಕೆ. ಮನೆಯ ಕೆಲಸಕ್ಕೂ ಅದೇ ಬುದ್ಧಿವಂತಿಕೆ.

ಇಲ್ಲಿಗೆ ಮಾಲೀಕನ ಸರಹದ್ದು ಮುಗಿಯುತ್ತದೆ. ಬಟ್ಟೆ ಹೊಲಿಯುವ ಮನೆಯ ಯಂತ್ರ ಸರಕನ್ನು ಮುಂದೆ ತಳ್ಳುವುದು ಕೆಳಗಿನ ಹಲ್ಲುಗಳಿಂದ ಮಾತ್ರ. ಮೇಲಿನ ಪಾದ ಸುಮ್ಮನೆ ಒತ್ತಿ ನಿಲ್ಲುತ್ತದೆ. ಬಣ್ಣ ಬಳಿದ ಚರ್ಮ ಆ ಪಾದಕ್ಕೆ ಅಂಟಿಕೊಂಡು ಹಿಂದೆಯೇ ಉಳಿಯುತ್ತದೆ, ಕೆಳಪದರ ಮುಂದೆ ಹೋಗುತ್ತದೆ. ಒಂದಡಿ ಹೊಲಿಯುವಷ್ಟರಲ್ಲಿ ಗುರುತುಗೆರೆಗಳು ತಪ್ಪಿರುತ್ತವೆ. ಪೈಪಿಂಗ್ ಕೂಡುವಲ್ಲಿ ನಾಲ್ಕು ಪದರ ಸೇರಿದಾಗ ಯಂತ್ರದ ಮೋಟಾರು ನಿಂತೇಬಿಡುತ್ತದೆ. ಕುಶನ್ ಅಂಗಡಿಯ ಭಾರಿ ಯಂತ್ರದಲ್ಲಿ ಸೂಜಿ, ಪಾದ, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ. ಎರಡೂ ಪದರ ಸಮವಾಗಿ ಸಾಗುತ್ತವೆ. ಯಂತ್ರವಿದ್ದರೂ ಸಾಲದು. ಬಟ್ಟೆಯಲ್ಲಿ ತಪ್ಪಿದ ಹೊಲಿಗೆ ಬಿಚ್ಚಿದರೆ ತೂತು ಮುಚ್ಚಿಕೊಳ್ಳುತ್ತದೆ, ಚರ್ಮದಲ್ಲಿ ಅದು ಶಾಶ್ವತ. ಟಾಕು ತೀರಾ ಹತ್ತಿರ ಬಿದ್ದರೆ ಹೊಲಿಗೆಯ ಸಾಲೇ ಹರಿಯಲು ದಾರಿ ಮಾಡಿಕೊಡುತ್ತದೆ. ಆದ್ದರಿಂದ 4–5 ಮಿಲಿಮೀಟರಿನ ಅಂತರ ಬೇಕು. ಹತ್ತಿಯ ದಾರ ಬೆವರಿಗೆ ಕೊಳೆಯುತ್ತದೆ, ನೈಲಾನ್ ಬಿಸಿಲಿಗೆ ಸೋಲುತ್ತದೆ, ದಪ್ಪ ಪಾಲಿಯೆಸ್ಟರ್ ದಾರವೇ ಸರಿ. ಬಾಗಿದ ಅಂಚನ್ನು ನೇರ ಅಂಚಿಗೆ ಕೂಡಿಸುತ್ತ, ಒಂದನ್ನು ತುಸು ಎಳೆದು ಇನ್ನೊಂದನ್ನು ತುಸು ಬಿಟ್ಟು ಗುರುತಿಗೆ ಗುರುತು ತಂದು ನಿಲ್ಲಿಸುವ ಕಸುಬುದಾರನ ಬೆರಳಿನ ಲೆಕ್ಕ ವರ್ಷಗಟ್ಟಲೆಯ ಗಳಿಕೆ. ಎರಡು ಸೂಜಿಯ ಕೈಹೊಲಿಗೆ ಯಂತ್ರದ ಹೊಲಿಗೆಗಿಂತ ಗಟ್ಟಿ ಎಂಬ ವಾದ ನಿಜವೇ. ಆದರೆ ಒಂದೊಂದು ಸೀಟಿಗೂ ಹಲವಾರು ಮೀಟರ್ ಉದ್ದದ ಹೊಲಿಗೆಯನ್ನು ಹಾಗೆ ಮುಗಿಸಲು ಹೊರಟವರ ಕೆಲಸ ಬಹುಪಾಲು ಅರ್ಧಕ್ಕೇ ನಿಲ್ಲುತ್ತದೆ. ಕತ್ತರಿಸಿ, ಸಂಖ್ಯೆ ಬರೆದು, ಗುರುತು ಹಾಕಿದ ತುಂಡುಗಳನ್ನು ಒಯ್ದು ಹೊಲಿಸಿಕೊಂಡು ಬರುವುದೇ ವಿವೇಕ.

ಹೊಲಿದು ಬಂದ ಹೊದಿಕೆಯನ್ನು ತೊಡಿಸುವುದು ಮತ್ತೆ ಮನೆಯ ಕೆಲಸ. ಮಧ್ಯದ ತಗ್ಗುಗೆರೆಯಿಂದ ಶುರುಮಾಡಿ ಅಂಚಿನ ಕಡೆಗೆ ಬರುತ್ತ ಹೊಸ ರಿಂಗುಗಳನ್ನು ಒಂದೊಂದಾಗಿ ಬಿಗಿಯಬೇಕು. ಚರ್ಮವನ್ನು ಮೊದಲು ಸ್ವಲ್ಪ ಹೊತ್ತು ಎಳೆಬಿಸಿಲಿಗೆ ಹಿಡಿದರೆ ಅದು ಮೆತ್ತಗಾಗಿ ಅಂಚಿಗೆ ಸಲೀಸಾಗಿ ಬರುತ್ತದೆ. ಉಳಿದ ಸುಕ್ಕು ಹದವಾದ ಬಿಸಿಗಾಳಿಗೆ ಇಳಿಯುತ್ತದೆ. ಅವಸರದ ಕೆಲಸದಲ್ಲಿ ಸುಕ್ಕು ಉಳಿಯುವುದು ಇಲ್ಲಿಯೇ. ಬಿಗಿದ ನಾಲ್ಕು ರಿಂಗುಗಳನ್ನು ಬಿಚ್ಚಿ ಮತ್ತೆ ಎಳೆದು ಬಿಗಿಯುವಷ್ಟು ವ್ಯವಧಾನ ಇದ್ದವನಿಗೆ ಇದು ಕಷ್ಟವಲ್ಲ.

ಈ ವಾದಕ್ಕೆ ಎದುರಾಗುವ ಅತಿ ಗಂಭೀರ ಆಕ್ಷೇಪ ಸುರಕ್ಷತೆಯದು. ಅದನ್ನು ಪೂರ್ತಿಯಾಗಿ ಒಪ್ಪಿಕೊಳ್ಳಬೇಕು. ಸೀಟಿನ ಬೆನ್ನಿನ ಬದಿಯಲ್ಲಿ ಏರ್‌ಬ್ಯಾಗ್ ಎಂಬ ಚಿಕ್ಕ ಲೇಬಲ್ ಇದ್ದರೆ ಆ ಸೀಟು ಮನೆಯ ಕೆಲಸಕ್ಕೆ ಹೊರಗು. ಅಲ್ಲಿನ ಹೊಲಿಗೆ ಅಪಘಾತದ ಕ್ಷಣದಲ್ಲಿ ಲೆಕ್ಕಹಾಕಿದ ಬಲಕ್ಕೆ ಬಿಚ್ಚಿಕೊಳ್ಳುವಂತೆ ರಚಿಸಿದ್ದು. ಅದನ್ನು ದಪ್ಪ ದಾರದಿಂದ ಗಟ್ಟಿಯಾಗಿ ಹೊಲಿಸಿದರೆ ರಕ್ಷಣೆಯ ಚೀಲವನ್ನೇ ಕಟ್ಟಿಹಾಕಿದಂತೆ. ಮೇಲಿನಿಂದ ಎಳೆದು ಹಾಕುವ ಕವರಿಗೂ ಈ ಅಪಾಯ ಇದೆ ಎಂಬುದನ್ನು ಆಕ್ಷೇಪಿಸುವವರು ಮರೆಯುತ್ತಾರೆ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಜೊತೆಗೆ ಮುಂದಿನ ಸೀಟುಗಳ ಬೆಲ್ಟ್ ಎಚ್ಚರಿಕೆಯೂ ಕಡ್ಡಾಯವಾದದ್ದರಿಂದ, ಆಮೇಲಿನ ಕಾರುಗಳ ಕುಶನ್ನಿನೊಳಗೆ ಸಂವೇದಕ, ವೈರುಗಳು ಇರುವ ಸಾಧ್ಯತೆ ಹೆಚ್ಚು. ಸೀಟಿನ ಅಡಿಯಲ್ಲಿ ಹಳದಿ ಕನೆಕ್ಟರ್ ಕಂಡರೆ ಅದಕ್ಕೆ ಕೈಹಾಕದೆ ತಿಳಿದವರಿಗೆ ಬಿಡುವುದೇ ಸರಿ. ಹಾಗಾಗಿ ಈ ಕೆಲಸದ ನಿಜವಾದ ಕ್ಷೇತ್ರ ಹಳೆಯ, ಸರಳ ಸೀಟಿನ ಕಾರುಗಳು: 1983ರಿಂದ 2014ರವರೆಗೆ ತಯಾರಾದ ಮಾರುತಿ 800, 2014ರಲ್ಲಿ ನಿಂತ ಅಂಬಾಸಡರ್, ಪದ್ಮಿನಿ, ಅವುಗಳ ಓರಗೆಯ ಜೀಪುಗಳು. ಅವುಗಳಲ್ಲೂ ಬೋಲ್ಟುಗಳನ್ನು ತಯಾರಕರು ಹೇಳಿದಷ್ಟೇ ಬಿಗಿತಕ್ಕೆ ತಂದು ನಿಲ್ಲಿಸಬೇಕು. ಸಡಿಲ ಸೀಟಿನ ಮುಂದೆ ಚರ್ಮದ ಚೆಂದ ಯಾವ ಲೆಕ್ಕಕ್ಕೂ ಇಲ್ಲ.

ಹಾಗಾದರೆ ಅಷ್ಟು ಹಳೆಯ ಕಾರಿಗೆ ಅಷ್ಟು ಖರ್ಚು ಯಾಕೆ ಎಂಬುದು ಎರಡನೆಯ ಆಕ್ಷೇಪ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಳೆಯದನ್ನು ಬಿಡಿ ಎಂಬುದೇ ಸರ್ಕಾರದ ಸೂಚನೆ. ಮಾರುವ ಬೆಲೆಯ ದೃಷ್ಟಿಯಿಂದ ನೋಡಿದರೆ ಸೀಟಿಗೆ ಹಾಕಿದ ಹಣ ವಾಪಸ್ ಬರುವುದಿಲ್ಲ. ಆದರೆ ಅಷ್ಟಾದರೂ ಕಾರನ್ನು ಇಟ್ಟುಕೊಂಡವರು ಅದನ್ನು ಮಾರಲೆಂದು ಇಟ್ಟುಕೊಂಡಿರುವುದಿಲ್ಲ. ಇನ್ನೂ ಐದು ವರ್ಷ ಓಡಿಸುವ ನಿರ್ಧಾರ ಮಾಡಿಯೇ ಆ ಶುಲ್ಕ ಕಟ್ಟಿರುತ್ತಾರೆ. ಓಡಿಸುವವನ ಮೈ ದಿನವೂ ತಾಗುವ ಭಾಗ ಸ್ಟಿಯರಿಂಗ್ ಬಿಟ್ಟರೆ ಸೀಟೇ. ಜೊತೆಗೆ, ಐದೂ ಸೀಟುಗಳನ್ನು ಮಾಡಲೇಬೇಕೆಂಬ ನಿಯಮವೇನಿಲ್ಲ. ಸವೆದದ್ದು ಚಾಲಕನ ಸೀಟಿನ ಕೆಳಕುಶನ್ ಮಾತ್ರವಾದರೆ ಅದೊಂದನ್ನೇ ಮಾಡಬಹುದು. ಅಂಗಡಿ ಪೂರ್ತಿ ಸೆಟ್ ಲೆಕ್ಕದಲ್ಲಿ ಮಾರುತ್ತದೆ. ಸವೆದಷ್ಟನ್ನೇ ಬದಲಿಸುವ ಉಳಿತಾಯ ಮನೆಯ ಕೆಲಸಕ್ಕೆ ಮಾತ್ರ ಸಾಧ್ಯ.

ಮೂರನೆಯದು ನೈತಿಕ ಆಕ್ಷೇಪ: ಚರ್ಮ ಎಂದರೆ ಪ್ರಾಣಿಯ ಸಾವು, ನದಿಯ ವಿಷ. ಚರ್ಮ ಮಾಂಸದ ಉಪ ಉತ್ಪನ್ನ ಎಂಬ ಸಮಾಧಾನ ಅರ್ಧ ಸತ್ಯ. ಚರ್ಮದ ಹಣವೂ ಆ ವ್ಯಾಪಾರಕ್ಕೇ ಸೇರುತ್ತದೆ. ಹದ ಮಾಡುವ ಕೊಳೆನೀರು ತಮಿಳುನಾಡಿನ ಪಾಲಾರ್ ನದಿಗೆ ಏನು ಮಾಡಿತು ಎಂಬುದಕ್ಕೆ 1996ರ ಸುಪ್ರೀಂ ಕೋರ್ಟ್ ತೀರ್ಪೇ ಸಾಕ್ಷಿ. ಮಲಿನ ಮಾಡಿದವನೇ ತೆರಬೇಕು ಎಂಬ ತತ್ವ ನಮ್ಮ ಕಾನೂನಿನ ಭಾಗವೇ ಎಂದು ಕೋರ್ಟ್ ವೆಲ್ಲೂರಿನ ಆ ಮೊಕದ್ದಮೆಯಲ್ಲಿ ಸಾರಿತು. ನಮ್ಮ ಬಯಲುಸೀಮೆಯ ತಂಗಡಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡುವ ಹಳೆಯ ಪದ್ಧತಿಗೆ ಮರಳಬಹುದಲ್ಲ ಎಂದರೆ, ಅಂಥ ಚರ್ಮ ಸುಮಾರು 75–80 ಡಿಗ್ರಿಗೆ ಕುಗ್ಗಲು ಶುರುವಾಗುತ್ತದೆ, ಬಿಸಿಲಿಗೆ ಕಪ್ಪಾಗುತ್ತದೆ; ಕ್ರೋಮಿಯಂ ಹದದ್ದು 100 ಡಿಗ್ರಿಯವರೆಗೂ ತಾಳುತ್ತದೆ. ಕಾರಿಗೆ ಒಗ್ಗುವುದು ಎರಡನೆಯದೇ. ಹಾಗೆಂದು ಪಿವಿಸಿಯೂ ಶುದ್ಧವಲ್ಲ. ಅದು ಪೆಟ್ರೋಲಿಯಂ ಮತ್ತು ಕ್ಲೋರಿನ್‌ನಿಂದ ಬಂದದ್ದು, ಮಣ್ಣಲ್ಲಿ ಕರಗದ್ದು, ಹತ್ತು ವರ್ಷದಲ್ಲಿ ಎರಡು ಮೂರು ಸಲ ಬದಲಿಸಬೇಕಾದದ್ದು. ಪ್ರಾಣಿಮೂಲದ್ದು ಬೇಡವೆಂಬುದು ಒಬ್ಬರ ನಂಬಿಕೆಯಾದರೆ ಅವರು ಗಟ್ಟಿ ಬಟ್ಟೆಯಲ್ಲಿ ಇದೇ ಕೆಲಸ ಮಾಡಬಹುದು, ವಾದ ಬದಲಾಗುವುದಿಲ್ಲ. ಉಳಿದವರಿಗೆ ಉತ್ತರ ಒಂದೇ: ಕಡಿಮೆ ಚರ್ಮ, ಬೇಕಾದ ಕಡೆ ಮಾತ್ರ, ದೀರ್ಘ ಕಾಲಕ್ಕೆ. ಆ ದೀರ್ಘಾಯುಷ್ಯ ಸಿಗುವುದು ಒಳಗಿನ ಫೋಮ್ ಸರಿಮಾಡಿದಾಗ ಮಾತ್ರ.

ಕೊನೆಯ ಆಕ್ಷೇಪ ನಮ್ಮ ನೆಲದ್ದೇ. ಕೂಲಿ ದುಬಾರಿಯಾದ ದೇಶಗಳಲ್ಲಿ ಎಲ್ಲವನ್ನೂ ಸ್ವಂತ ಮಾಡಿಕೊಳ್ಳುವುದಕ್ಕೆ ಅರ್ಥವಿದೆ, ಇಲ್ಲಿ ಅದು ಬಡ ಕಸುಬುದಾರನ ಅನ್ನ ಕಿತ್ತುಕೊಳ್ಳುವ ಶೋಕಿ ಎಂಬ ಮಾತು. ಇದರ ಬೆನ್ನಿಗೇ ಬಾಯಿಬಿಟ್ಟು ಹೇಳದ ಇನ್ನೊಂದು ಅಳುಕು ಇದೆ: ಚರ್ಮ ಮುಟ್ಟುವ ಕೆಲಸ ನಮ್ಮದಲ್ಲ ಎಂಬುದು. ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯರನ್ನು ಹನ್ನೆರಡನೆಯ ಶತಮಾನದಲ್ಲೇ ಬಸವಣ್ಣ ತನ್ನ ಬಳಗವೆಂದು ಕರೆದುಕೊಂಡರೂ, ಚರ್ಮದ ಸೀಟಿನ ಮೇಲೆ ಹೆಮ್ಮೆಯಿಂದ ಕೂರುವವರು ಚರ್ಮ ಹೊಲಿಯುವ ಕೈಯನ್ನು ಇಂದಿಗೂ ಅಗ್ಗವೆಂದೇ ಕಾಣುತ್ತಾರೆ. ಚೌಕಾಸಿ ಹೆಚ್ಚಾಗಿ ನಡೆಯುವುದು ಕಾಣದ, ತಿಳಿಯದ ಕೆಲಸದ ಮೇಲೆ. ತುಂಡುಗಳನ್ನು ತಾನೇ ಕತ್ತರಿಸಿ, ಗುರುತು ಹಾಕಿ, ಹೊಲಿಗೆ ತನಗೆ ಏಕೆ ಒಲಿಯುವುದಿಲ್ಲ ಎಂದು ಅರಿತು ಅಂಗಡಿಯ ಮೆಟ್ಟಿಲು ಹತ್ತಿದವನಿಗೆ ತಾನು ಯಾವುದಕ್ಕೆ ಹಣ ಕೊಡುತ್ತಿದ್ದೇನೆ ಎಂಬುದು ಗೊತ್ತಿರುತ್ತದೆ. ಹಾಗೆ ಹೋದವನು ಅಂಗಡಿಯಿಂದ ಕಿತ್ತುಕೊಂಡಿರುವುದು ಅವಸರದಲ್ಲಿ ಆಗುವ, ಲಾಭ ತಾರದ ಒಳಗಿನ ಕೆಲಸವನ್ನು. ತಂದುಕೊಟ್ಟಿರುವುದು ಕಸುಬುದಾರನ ಪರಿಣತಿಗೇ ಮೀಸಲಾದ ಕೆಲಸವನ್ನು. ಅದಕ್ಕೆ ಮೀಟರಿನ ಲೆಕ್ಕದಲ್ಲಿ, ರೆಗ್ಜಿನ್ ಕವರಿನ ದರಕ್ಕಿಂತ ಹೆಚ್ಚಾಗಿಯೇ ಕೂಲಿ ಕೊಡುವುದು ಈ ಹಂಚಿಕೆಯ ಭಾಗ. ಚೌಕಟ್ಟಿನ ತುಕ್ಕು ತೆಗೆಯುವ ವ್ಯವಧಾನವಾಗಲಿ, ಹೊಲಿಗೆಗೆ ತಕ್ಕ ಬೆಲೆ ಕೊಡುವ ಮನಸ್ಸಾಗಲಿ ಇಲ್ಲದವರು ಈ ಕೆಲಸಕ್ಕೆ ಕೈಹಾಕದೆ ಒಳ್ಳೆಯ ಬಟ್ಟೆಯ ಕವರ್ ಕೊಳ್ಳುವುದೇ ಮೇಲು. ಎರಡೂ ಇರುವವರು ಚಾಲಕನ ಸೀಟಿನ ಕೆಳಕುಶನ್ನಿನಿಂದ ಶುರುಮಾಡಲಿ; ಒಂದು ಬೇಸಿಗೆ, ಒಂದು ಮಳೆಗಾಲ ಅದು ತಾಳಿದ ಮೇಲೆ ಉಳಿದ ಸೀಟುಗಳ ಮಾತು.